ಹೊಗೆ ಫಿಲ್ಟರಿನ ದೆಸೆಯಿಂದ ಲಾಂಗ್ ಡ್ರೈವ್

ಪೆಟ್ರೋಲ್ ಕಾರು ಸಾಕು ಎಂದು ಹೆಂಡತಿ ಹೇಳಿದ್ದಳು. ಕಡಿಯಾಳಿಯ ಮನೆಯಿಂದ ಮೂರು ನಾಲ್ಕು ಕಿಲೋಮೀಟರ್ ದೂರದ ಮಣಿಪಾಲದ ಆಫೀಸಿಗೆ ಹೋಗಿ ಬರುವ ನನಗೆ ಟರ್ಬೊ ಡೀಸೆಲ್ಲೇ ಆಗಬೇಕಿತ್ತು. ‘ಪಿಕಪ್ ಅಂದರೆ ಎಂತ ಅಂತ ನಿನಗೆ ಗೊತ್ತಿಲ್ಲ’ ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಆ ಪಿಕಪ್ಪನ್ನು ದಿನವೂ ಸಿಟಿ ಬಸ್ಸಿನ ಹಿಂದೆ ತೆವಳುತ್ತಾ ಅನುಭವಿಸುತ್ತಿದ್ದೆ.

ಆರೈಕೆಗೇನೂ ಕೊರತೆ ಇರಲಿಲ್ಲ. ದುಬಾರಿ ಆಯಿಲ್ಲೇ ಹಾಕಿಸುತ್ತಿದ್ದೆ. ಟರ್ಬೊ ತಣಿಯಲಿ ಎಂದು ಮನೆ ಮುಟ್ಟಿದ ಮೇಲೂ ಇಂಜಿನ್ ಬಂದ್ ಮಾಡದೆ ಕೂತಿರುತ್ತಿದ್ದೆ. ಬಾಣಂತಿಗೂ ಅಷ್ಟು ಉಪಚಾರ ನಡೆಯಲಿಕ್ಕಿಲ್ಲ. ಆದರೂ ಒಂದು ದಿನ ಹಳದಿ ದೀಪ ಹೊತ್ತಿತು. ಹೊಗೆ ಹೋಗುವ ದಾರಿಯ ಫಿಲ್ಟರಿನಲ್ಲಿ ಮಸಿ ಕಟ್ಟಿದೆ ಎಂದರು ಗ್ಯಾರೇಜಿನವರು. ಗಾಡಿ ಚೆನ್ನಾಗಿ ಬಿಸಿಯಾಗಿ ಒಂದೇ ಸಮನೆ ಓಡಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದಂತೆ. ಇಲ್ಲದಿದ್ದರೆ ಫಿಲ್ಟರನ್ನೇ ಬದಲಾಯಿಸಬೇಕಂತೆ. ಫಿಲ್ಟರ್ ಹೋದರೆ ಹೋಗಲಿ, ಹೆಂಡತಿಯ ಎದುರು ಮಾನ ಹೋಗುತ್ತದಲ್ಲ ಎಂದು ನನಗೆ ದಿಗಿಲಾಯಿತು.

ನಮ್ಮಲ್ಲಿ ಕಾರು ಹೊರಗೆ ತೆಗೆದರೆ ‘ಎಲ್ಲಿಗೆ?’ ಎಂದು ಕೇಳದವರಿಲ್ಲ. ‘ಮಸಿ ಸುಡಲಿಕ್ಕೆ’ ಎನ್ನಲಾಗುತ್ತದೆಯೇ? ಭಾನುವಾರ ಹೆಂಡತಿಗೆ, ‘ಸುಮ್ಮನೆ ಒಂದು ಲಾಂಗ್ ಡ್ರೈವ್ ಹೋಗುವ’ ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು.

ಎಲ್ಲೂ ನಿಲ್ಲಿಸದೆ ಎರ್ಮಾಳಿನವರೆಗೆ ಹೋಗಿ ಬರುವುದೆಂದು ನನ್ನ ಲೆಕ್ಕ. ಕಾಪು ಬರುತ್ತಲೇ ಅವಳು, ‘ಚಿಕ್ಕಮ್ಮನ ಮನೆಯ ಎದುರೇ ಹೋಗಿ ಒಳಗೆ ಹೋಗದಿದ್ದರೆ ಎಂತ ಹೇಳಿಯಾರು?’ ಎಂದಳು. ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಸ್ಟೇರಿಂಗ್ ಹಿಡಿದೇ ಕೂತೆ. ಚಿಕ್ಕಮ್ಮ ಹೊರಗೆ ಬಂದರು. ‘ಎಂತದು, ಇಂಜಿನ್ ಬಂದ್ ಮಾಡುವಷ್ಟು ಪುರುಸೊತ್ತೂ ಇಲ್ವಾ ನಿಮಗೆ? ಬನ್ನಿ, ಆಸರಿಗೆ ಕುಡಿದು ಹೋಗಿ.’ ನಮ್ಮ ಕಡೆ ಮನೆಯವರು ಕೊಡುವ ಬೆಲ್ಲ ನೀರನ್ನು ಬೇಡ ಎನ್ನುವುದೂ ಒಂದೇ, ಸಂಬಂಧ ಬೇಡ ಎನ್ನುವುದೂ ಒಂದೇ. ಕೀ ತಿರುಗಿಸಿದೆ. ಆಸರಿಗೆ, ಆಮೇಲೆ ಅವಲಕ್ಕಿ, ಚಾ, ಯಾರದೋ ಮದುವೆಯ ಮಾತು ಎಲ್ಲ ಮುಗಿದು ಎದ್ದಾಗ ಇಂಜಿನ್ ತಣ್ಣಗಾಗಿತ್ತು. ದೀಪ ಹಾಗೇ ಇತ್ತು.

ಮರುದಿನವೇ ರಜೆ ಹಾಕಿ, ಇನ್ನೊಂದು ಲಾಂಗ್ ಡ್ರೈವ್ ಎಂದು ಅವಳನ್ನು ಕೂರಿಸಿಕೊಂಡು ಕಾರ್ಕಳದ ದಾರಿ ಹಿಡಿದೆ. ಆ ದಾರಿಯಲ್ಲಿ ನಮಗೆ ನೆಂಟರಿಲ್ಲ. ಅವಳು ಮತ್ತೆ ಮಲ್ಲಿಗೆ ಮುಡಿದಿದ್ದಳು. ಕಿಟಕಿ ಇಳಿಸಿ ಏನೋ ಗುನುಗುತ್ತಿದ್ದಳು. ನನ್ನ ಕಣ್ಣು ಮಾತ್ರ ರಸ್ತೆಯಿಂದ ದೀಪಕ್ಕೆ, ದೀಪದಿಂದ ರಸ್ತೆಗೆ. ಬೈಲೂರು ದಾಟಿದ ಮೇಲೆ ಅದು ಆರಿತು. ಗೆದ್ದೆ ಎಂಬ ಖುಷಿಯಲ್ಲಿ ನಾನೂ ಗುನುಗತೊಡಗಿದೆ.

‘ದೀಪ ಹೋಯಿತಲ್ವಾ?’ ಎಂದಳು.

‘ನಿನಗೆ ಗೊತ್ತಿತ್ತಾ?’ ಎಂದೆ.

‘ಶನಿವಾರವೇ ಗ್ಯಾರೇಜಿನವರು ಮನೆಗೆ ಫೋನ್ ಮಾಡಿ, ಮಸಿ ಸುಡಲಿಕ್ಕೆ ಗಾಡಿ ಓಡಿಸಿದರಾ ಅಂತ ಕೇಳಿದ್ದರು.’

ಈಗ ಪೆಟ್ರೋಲ್ ಕಾರಿನ ಮಾತು ಬರುತ್ತದೆ ಎಂದು ಕಾದೆ. ಬರಲಿಲ್ಲ. ನನಗೇ ಸಿಟ್ಟು ಬಂತು. ‘ಮತ್ತೆ ನಿನ್ನೆ ಕಾಪುವಿನಲ್ಲಿ ಯಾಕೆ ನಿಲ್ಲಿಸಲಿಕ್ಕೆ ಹೇಳಿದ್ದು, ಮಾರಾಯ್ತಿ?’

ಅವಳು ಹೊರಗೇ ನೋಡುತ್ತಾ ಹೇಳಿದಳು: ‘ಮಸಿ ನಿನ್ನೆಯೇ ಸುಟ್ಟುಹೋಗಿದ್ದರೆ ನೀವು ಇವತ್ತು ನನ್ನನ್ನು ಕರೆದುಕೊಂಡು ಬರ್ತಿದ್ದಿರಾ?’