ಮಾವನವರ ಕುಣಿ, ನನ್ನ ಮೀನಖಂಡ

ಮಲಗುವ ಮುಂಚೆ ನಾನು ಗೋಡೆ ದೂಡುತ್ತೇನೆ. ಎರಡೂ ಅಂಗೈ ಗೋಡೆಗೆ, ಒಂದು ಕಾಲು ಮುಂದೆ, ಒಂದು ಹಿಂದೆ. ಹಿಂದಿನ ಹಿಮ್ಮಡಿ ನೆಲ ಬಿಡಬಾರದು. ಇಪ್ಪತ್ತು ಎಣಿಸಿ ಕಾಲು ಬದಲಿಸಬೇಕು. ಮೊಮ್ಮಕ್ಕಳು, "ಆಯಿ, ಗ್ವಾಡಿ ಇವತ್ತರ ಸರೀತೇನ?" ಎಂದು ಕೇಳುತ್ತಾರೆ. ಗೋಡೆ ಸರಿಯದಿದ್ದರೆ ಚಿಂತೆಯಿಲ್ಲ, ರಾತ್ರಿ ನನ್ನ ಮೀನಖಂಡ ಕಲ್ಲಾಗದಿದ್ದರೆ ಸಾಕು.

ಸಂಸ್ಥಾನಗಳು ಹೋಗಿ ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಗಲಗಲಿಯಿಂದ ಬನಹಟ್ಟಿಗೆ ಸೊಸೆಯಾಗಿ ಬಂದೆ. ತವರಿನವರೂ ನೇಕಾರರೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ಹಿಡಿದವರು. ಅಲ್ಲಿ ಉಣ್ಣುವುದಕ್ಕೂ ಹೊತ್ತಿರಲಿಲ್ಲ. ಅತ್ತೆಯವರ ಮನೆಯಲ್ಲಿ ಎಲ್ಲಕ್ಕೂ ಹೊತ್ತಿತ್ತು. ಕೋಳಿ ಕೂಗುವ ಮೊದಲು ಕಸ, ಕೂಗಿದ ಮೇಲೆ ಸ್ನಾನ, ಬಿಸಿಲು ಹೊಸ್ತಿಲು ಮುಟ್ಟುವಾಗ ಮಗ್ಗ. ರೊಟ್ಟಿಗೆ ಯಾರನ್ನೂ ಎರಡು ಸಲ ಕರೆಯುತ್ತಿರಲಿಲ್ಲ. ಜ್ವರ ಬಂದರೂ ಅಮಾವಾಸ್ಯೆಯಂದೇ ಬರಬೇಕು, ಏಕೆಂದರೆ ಅಂದು ಮಗ್ಗಕ್ಕೆ ರಜೆ.

ಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯುವ ಮಗ್ಗಗಳವು. ಒಂದು ನಮ್ಮವರದು. ಇನ್ನೊಂದರಲ್ಲಿ ಮಾವನವರು ತೀರಿದ ಮೇಲೆ ಅತ್ತೆಯವರೇ ನೇಯುತ್ತಿದ್ದರು. ಆ ವರ್ಷ ಕಣ್ಣು ಮಂಜೆಂದು ಬಿಟ್ಟರು. ಮಗ್ಗ ಸುಮ್ಮನೆ ಕೂತಿತ್ತು. ನಾನು ರಾಟಿಯ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನೂಲು ಸುತ್ತುವುದು ನನಗೆ ಬೇಡ, ಸೀರೆ ನೇಯುವುದು ಬೇಕು. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಅಮಾಸಿಗೆ ಇನ್ನ ಹನ್ನೆರಡ ದಿನ ಐತಿ," ಎಂದರು ಅತ್ತೆ. "ಅದರೊಳಗ ಒಂದ ಸೀರಿ ಇಳಿಸು. ಇಳಿಸಿದರ ಮಗ್ಗ ನಿಂದು. ಆದ್ರ ಕಾಲ ನೋವು ಅಂತ ಒಂದ ಮಾತ ಬಂತಂದ್ರ ರಾಟಿ ಹಿಡೀಬೇಕು. ಈ ಮನ್ಯಾಗ ಇವತ್ತಿನತನ ಯಾರಿಗೂ ಕಾಲ ಹಿಡದಿಲ್ಲ."

"ಹೂನ್ರಿ ಅತ್ತಿ," ಎಂದೆ.

ಕುಣಿಗೆ ಕಾಲಿಟ್ಟರೆ ಹಲಗೆ ನನಗೆ ದೂರ. ಬೆರಳ ತುದಿಯಿಂದಷ್ಟೇ ಒತ್ತಲು ಬರುತ್ತಿತ್ತು. ಹೊಸಬರಿಗೆ ಹಾಗೇ ಇರಬೇಕೆಂದುಕೊಂಡು ಹೊತ್ತು ಮುಳುಗುವವರೆಗೆ ತುದಿಗಾಲಲ್ಲೇ ತುಳಿದೆ.

ಮೂರನೆಯ ರಾತ್ರಿ ಮೀನಖಂಡ ಗಂಟು ಕಟ್ಟಿತು. ಒಳಗೆ ಯಾರೋ ಕುಳಿತು ಹಗ್ಗ ಹೊಸೆದಂತೆ. ಕೂಗುವಂತಿಲ್ಲ, ಹೊದ್ದ ಕೌದಿ ಕಚ್ಚಿಕೊಂಡೆ. ಆದರೆ ಕಾಲಿಗೆ ಷರತ್ತು ಗೊತ್ತಿರಲಿಲ್ಲ, ಅದು ನಮ್ಮವರನ್ನು ಒದೆಯಿತು.

"ನಿದ್ದ್ಯಾಗೂ ನೇಯಾಕತ್ತೀಯೇನ? ನನ್ನ ಮಣಕಾಲ ಹಲಗಿ ಅಲ್ಲ."

"ಮೆಲ್ಲಕ ಮಾತಾಡ್ರಿ, ಅತ್ತಿ ಕೇಳ್ಯಾರು."

"ಕೇಳಲಿ. ಒದಿಸ್ಕೊಂಡಾಂವ ನಾ."

ಮರುದಿನ ನಮ್ಮವರೇ ಮದ್ದು ಹೇಳಿದರು. ದಿಂಬಿನ ಕೆಳಗೆ ಕಬ್ಬಿಣವಿದ್ದರೆ ನರ ಹಿಡಿಯುವುದಿಲ್ಲವಂತೆ. ಕುಡುಗೋಲು ಇಟ್ಟುಕೊಂಡೆ. ಅದಕ್ಕೆ ಮೀನಖಂಡ ಹೆದರಲಿಲ್ಲ, ನಮ್ಮವರು ಹೆದರಿ ಹಾಸಿಗೆಯನ್ನು ಪಡಸಾಲೆಗೆ ಒಯ್ದರು. ಮುಂದಿನ ರಾತ್ರಿ ಮಲಗುವಾಗ ಎರಡು ತಂಬಿಗೆ ನೀರು ಕುಡಿದೆ. ಅದರಿಂದ ಎರಡು ಸಲ ಎದ್ದು ಹಿತ್ತಲಿಗೆ ಹೋಗಬೇಕಾಯಿತು. ಆಮೇಲೆ ನೀರನ್ನು ಹಗಲಿಗೇ ಹಂಚಿ ಕುಡಿದೆ, ಕೌದಿಯನ್ನು ಪಾದದ ಹತ್ತಿರ ಸಡಿಲ ಬಿಟ್ಟೆ. ಭಾರವಾದ ಕೌದಿ ಬೆರಳುಗಳನ್ನು ಕೆಳಕ್ಕೆ ಒತ್ತಿ, ಹಗಲು ಮಗ್ಗ ಮಾಡಿದ್ದನ್ನೇ ರಾತ್ರಿಯೂ ಮಾಡುತ್ತಿತ್ತು. ತುಸು ಹಗುರವಾಯಿತು, ಪೂರ್ತಿ ನಿಲ್ಲಲಿಲ್ಲ.

ಏಳನೆಯ ರಾತ್ರಿ ಮತ್ತೆ ಹಿಡಿಯಿತು. ನಿಂತರೆ ಬಿಟ್ಟೀತೆಂದು ಕುಂಟುತ್ತ ಅಡುಗೆಮನೆಗೆ ಹೋದೆ. ಕತ್ತಲೆಯಲ್ಲಿ ಯಾರೋ ಮೊದಲೇ ಗೋಡೆಗೆ ಕೈಯೂರಿ ನಿಂತಿದ್ದರು.

"ಯಾರದು?" ಅತ್ತೆಯವರ ದನಿ.

"ನಾನ್ರಿ. ನೀರ ಕುಡಿಯಾಕ ಬಂದಿದ್ನಿ."

"ಒಂಟಿ ಕಾಲ ಮ್ಯಾಲೆ?"

ನಾನೂ ಬಿಡಲಿಲ್ಲ. "ನೀವೇನ ಮಾಡಾಕತ್ತೀರಿ, ಅತ್ತಿ?"

"ಗ್ವಾಡಿ ಹಸಿ ಆಗೇತೇನ ನೋಡಾಕತ್ತೇನಿ." ಪಕ್ಕಕ್ಕೆ ಸರಿದು ಜಾಗ ಬಿಟ್ಟು, "ಬಾ, ಈ ಕಡಿ ನೀ ನೋಡು. ಕೈ ಊರು. ಆ ಕಾಲ ಹಿಂದ ಇಡು. ಹಿಮ್ಮಡಾ ಎತ್ತಬ್ಯಾಡ," ಎಂದರು.

ಅತ್ತೆ ಸೊಸೆ ಅಕ್ಕಪಕ್ಕ ನಿಂತು ಗೋಡೆ ಪರೀಕ್ಷೆ ಮಾಡಿದೆವು. ಗಂಟು ನಿಧಾನವಾಗಿ ಬಿಚ್ಚಿಕೊಂಡಿತು. ಗೋಡೆ ಒಣಗಿಯೇ ಇತ್ತು.

ಮುಂಜಾನೆ ಅವರು ಮಗ್ಗದ ಹತ್ತಿರ ಬಂದು, "ಕುಣ್ಯಾಗ ಕಾಲ ಬಿಡು, ನೋಡೂಣು," ಎಂದರು. ಹಲಗೆಗೆ ನನ್ನ ಬೆರಳ ತುದಿಯಷ್ಟೇ ತಾಕಿದ್ದನ್ನು ನೋಡಿದರು. ಮಗ್ಗ ಹೋಯಿತೆಂದುಕೊಂಡೆ.

"ರಾಟಿ ಹಿಡೀತೇನ್ರಿ ಅತ್ತಿ," ಎಂದೆ.

"ಯಾಕ? ಕಾಲ ನೋವು ಅಂತ ನೀ ಯಾವಾಗ ಅಂದಿ? ಗ್ವಾಡಿ ನೋಡಿದಿ, ಅಷ್ಟ." ಕುಣಿಯ ಅಂಚಿಗೆ ಕೂತರು. "ಇದು ನಿಮ್ಮ ಮಾವ ತಮ್ಮ ಕಾಲಿನ ಅಳತಿಗೆ ತೋಡಿದ್ದು. ಬಾಗಲಕ್ಕ ಬಗ್ಗಿ ಬರೋ ಆಳು ಅವರು. ಅವರು ಹೋದಮ್ಯಾಲೆ ಹನ್ನೊಂದ ವರ್ಷ ನಾನೂ ತುದಿಗಾಲಾಗ ತುಳದೇನಿ."

"ಒಂದ ನಾಕ ಬುಟ್ಟಿ ಮಣ್ಣ ಹಾಕಿಸಬೇಕಿತ್ತಲ್ಲರಿ."

"ಅವರ ಅಳತಿ ಕೆಡಸಾಕ ಮನಸ ಆಗಲಿಲ್ಲ. ಕಣ್ಣ ಮಂಜ ಅಂದ್ನಿ, ಎದ್ನಿ."

ಅವರ ಕಣ್ಣು ಚೆನ್ನಾಗಿಯೇ ಇತ್ತು. ಕಂಡಿಕೆಯಲ್ಲಿ ಒಂದು ಎಳೆ ಹರಿದಿದ್ದರೆ ಬಾಗಿಲಿನಿಂದಲೇ ಹೇಳುತ್ತಿದ್ದರು. ನನಗೆ ಅದು ಆಗ ಹೊಳೆಯಿತು.

ಗೇಣು ಹಾಕಿ ನನ್ನ ಮಂಡಿಯಿಂದ ಹಿಮ್ಮಡಿಯವರೆಗೆ ಅಳೆದರು. ಎರಡು ಗೇಣೂ ತುಂಬಲಿಲ್ಲ. "ಗಲಗಲಿ ಹೊಳಿನೀರ ಕುಡದೂ ಇಷ್ಟ ಬೆಳದೀಯೇನ ಬೇ?" ಎಂದರು. ಅಂದೇ ಹಲಗೆಯ ಹಗ್ಗ ಗಿಡ್ಡ ಕಟ್ಟಿ ಹಲಗೆಯನ್ನು ಮೇಲಕ್ಕೆ ತಂದರು. ಪೂರ್ತಿ ಅಂಗಾಲು ಊರಿ ತುಳಿದೆ. ಅಮಾವಾಸ್ಯೆಯ ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಸೀರೆ ಇಳಿಯಿತು. ಅತ್ತೆಯವರು ಅಂಚು ಹಿಡಿದು ಉದ್ದಕ್ಕೂ ನೋಡಿದರು. ಒಂದು ಕಡೆ ನೇಯ್ಗೆ ತೆಳ್ಳಗಾದದ್ದನ್ನು ಬೆರಳಿಟ್ಟು ತೋರಿಸಿ, ಮಡಚಿ ಇಟ್ಟರು.

ಕುಣಿಗೆ ಮಣ್ಣು ಮರುದಿನ, ಮಗ್ಗದ ರಜೆಗೆ. ಆ ಮನೆಯಲ್ಲಿ ಅದಕ್ಕೂ ಹೊತ್ತಿತ್ತು. ಬುಟ್ಟಿ ಬುಟ್ಟಿಯಾಗಿ ನಾನು ಸುರಿದೆ. ಅತ್ತೆಯವರು ಸೆರಗು ಬಿಗಿದು ಕುಣಿಯೊಳಗೆ ಇಳಿದು, ಹಿಮ್ಮಡಿಯೂರಿ ತುಳಿದು ಗಟ್ಟಿ ಮಾಡಿದರು. ಮೇಲೆ ಬಂದು, "ಆತು. ಇನ್ನ ಇದು ನಿನ್ನ ಅಳತಿ," ಎಂದರು.

ಆ ರಾತ್ರಿ ನಮ್ಮವರು ಪಡಸಾಲೆಯಿಂದ ಹಾಸಿಗೆ ಒಳಗೆ ತಂದರು. ಬಾಗಿಲಲ್ಲೇ ನಿಂತು, ಕುಡುಗೋಲು ಎಲ್ಲಿಟ್ಟಿದ್ದೀ ಎಂದು ಕೇಳಿಯೇ ಒಳಗೆ ಬಂದರು.