ನಿಂಬೆಹಣ್ಣು ತುಳಿದ ಸ್ಕೇಟು

ಮೊನ್ನೆ ಹ್ಯೂಸ್ಟನ್ನಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಪಕ್ಕದ ಮನೆಯ ಹುಡುಗಿ ತನ್ನಷ್ಟೇ ದೊಡ್ಡ ಐಸ್ ಹಾಕಿ ಚೀಲ ಹಿಡಿದು ನಿಂತಿದ್ದಳು. ಬೆವರು ಕುಡಿದು ಒಣಗದೆ ಉಳಿದ ಕೈಗವಸಿನ ಹುಳಿ ನಾತ. ಉಳಿದವರು ಮೂಗು ಮುಚ್ಚಿಕೊಂಡರೆ ನಾನು ಎದೆತುಂಬ ಉಸಿರೆಳೆದುಕೊಂಡೆ. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿದ್ದ ನಮ್ಮ ಮನೆಯ ಗ್ಯಾರೇಜು ಹೀಗೇ ನಾರುತ್ತಿತ್ತು. ದೇವರಿರುವ ಮನೆಯೆಂದು ಅಮ್ಮ ನನ್ನ ಹಾಕಿ ಚೀಲವನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹೊರಗೆ ಟೆಕ್ಸಸ್ಸಿನ ಸುಡುಬಿಸಿಲು, ನಾನು ಆಡುವ ಐಸ್ ರಿಂಕಿನೊಳಗೆ ಹಲ್ಲು ಕಟಕಟಿಸುವ ಚಳಿ. ಅವೆರಡರ ನಡುವೆ, ಕಾರಿನ ಹಿಂದಿನ ಸೀಟಿನಲ್ಲಿ ಮೊಸರನ್ನ ತಿನ್ನುತ್ತ ಹೋಮ್‌ವರ್ಕ್ ಬರೆಯುತ್ತ ನನ್ನ ಬಾಲ್ಯ ಕಳೆಯಿತು.

ಅಪ್ಪ ಮೈಸೂರಿನವರು, ಆಸ್ಟಿನ್ನಿನ ಡೊಮೇನ್ ಬಡಾವಣೆಯ ಹತ್ತಿರದ ಕಂಪನಿಯೊಂದರಲ್ಲಿ ಚಿಪ್ ಡಿಸೈನ್ ಮಾಡುತ್ತಿದ್ದರು. ಐಸ್ ಹಾಕಿಯ ಒಂದು ನಿಯಮವೂ ಅವರಿಗೆ ತಿಳಿಯದು. ಆದರೂ ಪ್ರತಿ ಆಟಕ್ಕೂ ರಿಂಕಿನ ಸುತ್ತಲ ಗಾಜಿಗೆ ಮೂಗು ಒತ್ತಿ ನಿಂತು, ಪಕ್ ಅನ್ನುವ ಆ ರಬ್ಬರ್ ಬಿಲ್ಲೆ ಯಾರ ಬಳಿಯಿದ್ದರೂ "ಹೊಡಿ ಪುಟ್ಟಿ, ಹೊಡಿ" ಎಂದು ಕೂಗುತ್ತಿದ್ದರು. ಹೆಲ್ಮೆಟ್ಟಿನೊಳಗೆ ನನ್ನ ಕಿವಿ ಕೆಂಪಾಗುತ್ತಿತ್ತು. ಎಷ್ಟು ಹೇಳಿದರೂ ಕೇಳುವ ಜನ್ಮವಲ್ಲ ಅದು.

ನನಗೆ ಹದಿಮೂರಾಗಿದ್ದಾಗ ಡಲ್ಲಾಸ್ ಕಡೆಯ ದೊಡ್ಡ ತಂಡವೊಂದರಲ್ಲಿ ಒಬ್ಬಳು ಊರು ಬಿಟ್ಟು, ಒಂದೇ ಒಂದು ಜಾಗ ಖಾಲಿಯಾಯಿತು. ಅಲ್ಲೇ ಹತ್ತಿರದ ಯೂಲೆಸ್‌ನಲ್ಲಿ ಆಯ್ಕೆಯ ಟ್ರೈಔಟ್. ಆ ತಂಡ ಸೇರಿದರೆ ಮುಂದೆ ಕಾಲೇಜಿನಲ್ಲೂ ಆಡುವ ದಾರಿ ತೆರೆಯುತ್ತದೆಂದು ಎಲ್ಲರೂ ಹೇಳುತ್ತಿದ್ದರು. ನಮ್ಮ ಗ್ರಹಚಾರಕ್ಕೆ ಅಂದೇ ಆಯುಧಪೂಜೆ. ಬೆಳಕು ಹರಿಯುವ ಮೊದಲೇ ಅಪ್ಪ ಕಾರಿಗೆ, ಲ್ಯಾಪ್‌ಟಾಪಿಗೆ, ನನ್ನ ಸ್ಟಿಕ್ಕಿಗೆ ಕುಂಕುಮವಿಟ್ಟು ಆರತಿ ಎತ್ತಿದರು. ಅಷ್ಟಕ್ಕೇ ಬಿಡಬಾರದಿತ್ತೇ? ಕಾರಿನ ಚಕ್ರಕ್ಕೆ ನಿಂಬೆಹಣ್ಣು ಕೊಟ್ಟಮೇಲೆ ಸ್ಕೇಟಿಗೂ ಒಂದು ಆಗಲೇಬೇಕಂತೆ. ಡ್ರೈವ್‌ವೇ ಮೇಲೆ ಹಣ್ಣಿಟ್ಟು, ಸ್ಕೇಟ್ ಹಾಕಿಕೊಂಡು ತುಳಿ ಎಂದರು.

"ಡ್ಯಾಡ್, ಇಟ್ಸ್ ಕಾಂಕ್ರೀಟ್," ಎಂದೆ.

"ಶಾಸ್ತ್ರಕ್ಕೆ ಒಂದ್ಸಲ ಕಣಮ್ಮ. ಏನೂ ಆಗಲ್ಲ. ನಾನ್ ಹಿಡ್ಕೋತೀನಲ್ಲ," ಎಂದು ಭುಜ ಹಿಡಿದರು.

"ರೀ, ಹೊತ್ತಾಯ್ತು, ಬಿಡ್ರೀ," ಎಂದರು ಅಮ್ಮ. ಜಗಳಕ್ಕೆ ಸಮಯವಿಲ್ಲದೆ ತುಳಿದೆ. ಹಣ್ಣು ಜಾರಿ, ಸ್ಕೇಟಿನ ಎರಡೂ ಅಲಗು ಕಾಂಕ್ರೀಟಿನ ಮೇಲೆ ಕರ್ ಎಂದು ಕೆರೆದು ಮೊಂಡಾದವು. ಮೂರು ಗಂಟೆ ಡ್ರೈವ್ ಮಾಡಿ ತಲುಪಿದಾಗ ರಿಂಕಿನಲ್ಲಿ ಸಾಣೆ ಹಿಡಿಯುವವನು ಇನ್ನೂ ಬಂದಿರಲಿಲ್ಲ. ಐಸ್ ಮೇಲೆ ತಿರುಗಿದಲ್ಲೆಲ್ಲ ಜಾರಿ ಬಿದ್ದೆ. ನಾಲ್ಕನೆಯ ಸಲ ಬಿದ್ದಾಗ ಕೋಚ್ ಬರೆದುಕೊಳ್ಳುವುದನ್ನೇ ನಿಲ್ಲಿಸಿದರು. ಅಪ್ಪ ಅವರ ಬಳಿ ಹೋಗಿ, ತಪ್ಪು ನನ್ನದು, ಮಗಳದ್ದಲ್ಲ ಎಂದು ನಿಂಬೆಹಣ್ಣಿನ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದರು. ಆ ಕೋಚ್ ಮುಖದಲ್ಲಿ ಮೂಡಿದ ನಗು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜಾಗ ಬೇರೆಯವಳಿಗೆ ಹೋಯಿತು.

ಕಾರು ಹತ್ತಿದವಳೇ ಹೇಳಿದೆ. ಮನೆಯಲ್ಲಿ ಎಂದೂ ಕನ್ನಡ ಆಡದವಳು ಅಂದು ಕನ್ನಡದಲ್ಲೇ ಹೇಳಿದೆ: "ಇನ್ಮೇಲೆ ನನ್ ಆಟ ನೋಡಕ್ಕೆ ಬರ್ಬೇಡ."

"ಆಯ್ತು ಪುಟ್ಟಿ," ಎಂದರು ಅಪ್ಪ.

ನಾನು ಆಸ್ಟಿನ್ನಿನ ಸಾಧಾರಣ ತಂಡದಲ್ಲೇ ಉಳಿದೆ. ಪ್ರತಿ ಶನಿವಾರ ಅಪ್ಪನೇ ಕರೆದೊಯ್ಯುತ್ತಿದ್ದರು, ಚೀಲ ರಿಂಕಿನ ಬಾಗಿಲವರೆಗೆ ಹೊತ್ತು ತರುತ್ತಿದ್ದರು, ಮತ್ತೆ ಹೋಗಿ ಕಾರಿನಲ್ಲಿ ಕೂರುತ್ತಿದ್ದರು. ಮೊದಲು ನನಗೆ ಹಾಯೆನಿಸಿತು. ಆಮೇಲೆ ರೂಢಿಯಾಯಿತು. ಹೈಸ್ಕೂಲಿಗೆ ಬರುವ ಹೊತ್ತಿಗೆ, ಒಳಗೆ ಬಾ ಎಂದು ಕರೆದರೆ ಸೋತಂತೆ ಎಂಬ ಬಿಗುಮಾನ. ಹೀಗೇ ಐದು ವರ್ಷ, ಹೈಸ್ಕೂಲು ಮುಗಿಯುವವರೆಗೆ. ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ಅವರ ಹೃದಯ ನಿಂತಿತು. ಆಮೇಲೆ ಅಮ್ಮ ಮನೆ ಮಾರಿ ಹ್ಯೂಸ್ಟನ್ನಿಗೆ ನನ್ನ ಜೊತೆಗೆ ಬಂದರು. ಆ ಗ್ಯಾರೇಜಿನಲ್ಲಿ ಈಗ ಯಾರದೋ ಸಾಮಾನು ತುಂಬಿದೆ.

ಇಂದಿಗೂ ಅವರ ಮೇಲೆ ಸಿಟ್ಟು ಬರುತ್ತದೆ. ಸ್ಕೇಟಿನ ಸಿಟ್ಟಲ್ಲ, ಅದು ಎಂದೋ ಹೋಯಿತು. ಜನ್ಮವಿಡೀ ನನ್ನ ಒಂದು ಮಾತು ಕೇಳದ ಮನುಷ್ಯ, ಹದಿಮೂರರ ಹುಡುಗಿ ಬಾಯಿಗೆ ಬಂದದ್ದು ಅಂದಳೆಂದು ಅದೊಂದನ್ನೇ ಏಕೆ ವೇದವಾಕ್ಯ ಮಾಡಿಕೊಳ್ಳಬೇಕಿತ್ತು? ಆ ಐದು ವರ್ಷಗಳಲ್ಲಿ ನಾನು ಬೇಕಾದಷ್ಟು ಗೋಲು ಹೊಡೆದೆ. ಅಪ್ಪ ಒಂದನ್ನೂ ನೋಡಲಿಲ್ಲ.