ಟಿವಿಯಲ್ಲಿ ಉರುಳಿದ ಅವ್ವನ ಹೃದಯ

ಸಿಂಧನೂರಿನ ವಿಡಿಯೊ ಅಂಗಡಿಯ ಟಿವಿಯಲ್ಲಿ ನನ್ನ ಅವ್ವನ ಹೃದಯ ಕೆಳಗಿನಿಂದ ಮೇಲಕ್ಕೆ ಉರುಳುತ್ತಿತ್ತು. ಒಂದು ಚಿತ್ರ ಮೇಲೆ ಹೋಗಿ ಮಾಯವಾಗುವಷ್ಟರಲ್ಲಿ ಅದೇ ಚಿತ್ರ ಕೆಳಗಿನಿಂದ ಮತ್ತೆ ಏರಿ ಬರುತ್ತಿತ್ತು. ಹೈದರಾಬಾದಿನಲ್ಲಿ ಮಾಡಿಸಿದ ಸ್ಕ್ಯಾನಿನ ಕ್ಯಾಸೆಟ್ ಅದು. ಆಪರೇಷನ್ ಬೇಕೋ ಬೇಡವೋ ಹೇಳಬೇಕಿದ್ದ ಲಿಂಗಸುಗೂರಿನ ಡಾಕ್ಟರು, “ಸರಿಯಾಗಿ ಓಡ್ತದೋ ಇಲ್ಲೋ ನೋಡ್ಕೊಂಡು ತರ್ರಿ” ಎಂದಿದ್ದರು.

ಅಂಗಡಿಯಾತ ಗುಂಡಿ ತಿರುವಿದ, ವೈರು ಬದಲಿಸಿದ. ಉರುಳುವುದು ನಿಲ್ಲಲಿಲ್ಲ. ಕೊನೆಗೆ ಯಾರದೋ ಮದುವೆಯ ಕ್ಯಾಸೆಟ್ ಹಾಕಿದ. ಮದುಮಕ್ಕಳ ಮೇಲೆ ಬೀಳುತ್ತಿದ್ದ ಅಕ್ಕಿಕಾಳೂ ಸ್ಪಷ್ಟವಾಗಿ ಕಂಡಿತು.

“ಮಷಿನ್ ಚಲೋ ಐತ್ರೀ. ನಿಮ್ಮ ಕ್ಯಾಸೆಟ್ ಫಾರಿನ್ ಮಷಿನ್ನಿನಾಗ ತುಂಬಿದ್ದು, ಅದರ ನಮೂನೀನೇ ಬ್ಯಾರೆ, ಇದಕ್ಕ ಹೊಂದಂಗಿಲ್ಲ” ಎಂದ.

ಅವ್ವ ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು. “ಮಂದಿ ಮದುವಿ ನೆಟ್ಟಗ ಕಾಣಾಕತ್ತೈತಿ. ನನ್ನ ಎದಿ ಒಂದ ಉರುಳತೈತಿ ಅಂದ್ರ, ಕೆಟ್ಟಿದ್ದು ಯಾವ್ದು, ನೀನ ಹೇಳವ್ವಾ” ಎಂದು ನನ್ನನ್ನು ಕೇಳಿದಳು.

ಮತ್ತೆ ಹೈದರಾಬಾದಿಗೆ ಹೋಗಿ, ನಮ್ಮ ಕಡೆಯ ಟಿವಿಗೆ ಹೊಂದುವ ಹಾಗೆ ಬೇರೆ ಕ್ಯಾಸೆಟ್ಟಿಗೆ ಇಳಿಸಿ ತಂದೆವು. ಅದನ್ನು ನೋಡಿದ ಡಾಕ್ಟರು ಆಪರೇಷನ್ ಬೇಡವೆಂದರು.

ಈಗಲೂ ಮಸ್ಕಿಯ ನಮ್ಮ ಮನೆಯ ಟಿವಿಯಲ್ಲಿ ಚಿತ್ರ ಉರುಳತೊಡಗಿದರೆ ಉಳಿದವರೆಲ್ಲ ಆಂಟೆನಾ ತಿರುಗಿಸಲು ಮಾಳಿಗೆಗೆ ಓಡುತ್ತಾರೆ. ಅವ್ವ ಮಾತ್ರ ಕುಳಿತಲ್ಲೇ ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಾಳೆ.